ನನ್ನ ಮೊಣಕಾಲಿನ ವೇಳಾಪಟ್ಟಿ

ಗಂಗುಲಪ್ಪನವರ ಮಗಳಾದ ಜಿ. ಶೋಭಾರಾಣಿ ಎಂಬ ನಾನು, ಹಿಂದೂಪುರದ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಎಂಟು ತಿಂಗಳು ಜೀವಶಾಸ್ತ್ರ ಶಿಕ್ಷಕಿಯಾಗಿ ಸೇವೆ ಸಲ್ಲಿಸಿ ನಿವೃತ್ತಳಾದವಳು, ಅದೇ ಶಾಲೆಯ ಡ್ರಿಲ್ ಮೇಷ್ಟ್ರಾಗಿದ್ದು ಈಗ ಕಲ್ಯಾಣದುರ್ಗದಲ್ಲಿ ನೆಲೆಸಿರುವ ಶ್ರೀ ಮುತ್ಯಾಲಪ್ಪನವರಿಗೆ ವಿನಯಪೂರ್ವಕವಾಗಿ ಬರೆಯುವುದೇನೆಂದರೆ:

ಮಾನ್ಯ ಮೇಷ್ಟ್ರೇ,

‘ವಿನಯಪೂರ್ವಕವಾಗಿ’ ಎಂಬ ಪದ ಕಂಡು ನೀವು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿರುತ್ತೀರಿ. ಹತ್ತೊಂಬತ್ತು ವರ್ಷ ಒಂದೇ ಸಿಬ್ಬಂದಿ ಕೊಠಡಿಯಲ್ಲಿ ಕುಳಿತರೂ ಆ ಪದ ನನ್ನಿಂದ ನಿಮ್ಮ ಕಡೆಗೆ ಒಮ್ಮೆಯೂ ಹೊರಟದ್ದಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನಕ್ಕುಬಿಡುತ್ತೀರಿ, ನಾನು ಮಾತು ಬದಲಿಸಿಬಿಡುತ್ತೇನೆ. ಕಾಗದದ ಮೇಲೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ನಿಮಗೆ ತಿಳಿದಿರುವುದನ್ನೂ ಕ್ರಮವಾಗಿಯೇ ಬರೆಯುತ್ತೇನೆ. ಕ್ರಮ ತಪ್ಪಿದರೆ ನನಗೆ ನೆಮ್ಮದಿಯಿಲ್ಲ. ನಮ್ಮ ಹಳೆಯ ವಿದ್ಯಾರ್ಥಿ ಧರ್ಮೇಂದ್ರ ಈಗ ಆ ಶಾಲೆಯ ಮುಖ್ಯೋಪಾಧ್ಯಾಯ. ಕಳೆದ ದಸರೆಗೆ ಮೊದಲು ಅವನು ಮನೆಗೆ ಬಂದು, ಬರುವ ಜೂನ್‌ನಲ್ಲಿ ಹತ್ತನೆಯ ತರಗತಿಗೆ ಬರುವ ಇಪ್ಪತ್ತಮೂರು ಮಕ್ಕಳಿಗೆ ಕನ್ನಡದಲ್ಲಿ ಜೀವಶಾಸ್ತ್ರ ಹೇಳುವವರೇ ಇಲ್ಲ, ಯಾರೂ ಸಿಗದಿದ್ದರೆ ಮಕ್ಕಳನ್ನು ತೆಲುಗು ಮಾಧ್ಯಮದ ಕೊಠಡಿಯಲ್ಲಿ ಕೂರಿಸಬೇಕಾಗುತ್ತದೆ ಎಂದ. ತೆಲುಗು ಆ ಮಕ್ಕಳಿಗೆ ಬಾರದ ಭಾಷೆಯಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಅವರು ಆಡುವುದೇ ಅದನ್ನು. ಆದರೆ ಒಂಬತ್ತು ವರ್ಷ ಒಂದು ಭಾಷೆಯಲ್ಲಿ ಓದಿ, ಪರೀಕ್ಷೆಯ ವರ್ಷ ಇನ್ನೊಂದರಲ್ಲಿ ಬರೆಯುವುದೆಂದರೆ ಏನು? ಬರುತ್ತೇನೆ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನನ್ನು ಬಾಗಿಲವರೆಗೆ ಕಳುಹಿಸಲು ಎದ್ದ ನಾನು ಕುರ್ಚಿಯ ಕೈ ಹಿಡಿದುಕೊಂಡೇ ನಿಲ್ಲಬೇಕಾಯಿತು. ನಿಂತು ಪಾಠ ಹೇಳಲಾಗುವುದಾದರೆ ಬರುತ್ತೇನೆ, ಇಲ್ಲವಾದರೆ ಇಲ್ಲ ಎಂದೆ. ಕುಳಿತು ಪಾಠ ಮಾಡಿದವಳಲ್ಲ ನಾನು. ನಿಮಗೆ ಗೊತ್ತು.

ಅದಕ್ಕೆ ಎರಡು ವರ್ಷ ಹಿಂದೆ ನಿವೃತ್ತ ಶಿಕ್ಷಕರ ಪ್ರವಾಸದಲ್ಲಿ ಹಿಮಾಚಲದ ಹುಲ್ಲುಗಾವಲಿನಲ್ಲಿ ಕುಳಿತು ಚಪಾತಿ ತಿಂದದ್ದು, ಎಳ್ಳುಕಾಳಿನಷ್ಟು ಉಣ್ಣಿ ಹುಳುವೊಂದು ನನ್ನ ಮಂಡಿಯ ಹಿಂದೆ ಕಚ್ಚಿದ್ದು, ಆಮೇಲೆ ಅಲ್ಲಿ ಬಳೆಯಂಥ ಕೆಂಪು ವೃತ್ತ ಎದ್ದದ್ದು ನಿಮಗೆ ತಿಳಿದೇ ಇದೆ. ಪರೋಪಜೀವಿಗಳ ಪಾಠವನ್ನು ನೂರಾರು ಮಕ್ಕಳಿಗೆ ಹೇಳಿಕೊಟ್ಟವಳು ಅದನ್ನು ಬೆವರುಸಾಲೆ ಎಂದು ತೀರ್ಮಾನಿಸಿ ಗಂಧ ಹಚ್ಚಿಕೊಂಡೆ. ಮಂಡಿ ಊದಿ, ಬೆಂಗಳೂರಿನ ವೈದ್ಯರು ರಕ್ತ ಪರೀಕ್ಷಿಸಿ, ಉಣ್ಣಿ ಕಡಿತದಿಂದ ಬರುವ ‘ಲೈಮ್ ಕಾಯಿಲೆ’ ಎಂದು ಹೆಸರಿಡುವ ವೇಳೆಗೆ ಎಂಟು ತಿಂಗಳಾಗಿತ್ತು. ಒಂದು ತಿಂಗಳು ಮಾತ್ರೆ ನುಂಗಿದೆ. ಊತ ಇಳಿಯಿತು. ನೋವು ಮತ್ತು ದಣಿವು ಮಾತ್ರ ಬಾಡಿಗೆ ಮನೆಯವರಂತೆ ಉಳಿದುಕೊಂಡವು. ವೈದ್ಯರು ಹೇಳಿದ್ದಿಷ್ಟು: ಆ ರೋಗಾಣು ಕೀಲುಗಳಲ್ಲಿ, ಕೊಲಾಜೆನ್ ಎಂಬ ಪ್ರೋಟೀನಿನ ನಾರು ತುಂಬಿದ ಸಂಯೋಜಕ ಅಂಗಾಂಶದಲ್ಲಿ ಬೀಡುಬಿಡುತ್ತದೆ, ಓಡಿಸುವ ಕೆಲಸ ಮಾತ್ರೆಯದು, ಮುರಿದದ್ದನ್ನು ಕಟ್ಟಿಕೊಳ್ಳುವ ಕೆಲಸ ನಿಮ್ಮದು, ಅದು ನಿಧಾನ. ಸಂಯೋಜಕ ಅಂಗಾಂಶದ ಪಾಠವನ್ನು ನಾನು ಮೂವತ್ತಮೂರು ಸಲ ಮಾಡಿದ್ದೇನೆ. ಅದು ನನ್ನೊಳಗೂ ಇದೆಯೆಂಬುದು ಅಂದು ತಿಳಿಯಿತು.

ಆಹಾರದ ಮಟ್ಟಿಗೆ ನಾನು ಒಳ್ಳೆಯ ವಿದ್ಯಾರ್ಥಿನಿ. ಹುರುಳಿ, ಮೊಟ್ಟೆ, ನೀವು ಕಳುಹಿಸಿದ ಕಡಲೆಕಾಯಿ: ಇವು ಕೊಲಾಜೆನ್ ಕಟ್ಟುವ ಇಟ್ಟಿಗೆ. ಇಟ್ಟಿಗೆ ಎಷ್ಟು ರಾಶಿ ಬಿದ್ದರೂ ಮೇಸ್ತ್ರಿ ಬಾರದೆ ಗೋಡೆ ಏಳುವುದಿಲ್ಲ. ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿರುವ ಸಿ ಜೀವಸತ್ವವೇ ಆ ಮೇಸ್ತ್ರಿ. ಔಷಧದ ಅಂಗಡಿಯ ರೇವತಿ, ಅವಳೂ ನಮ್ಮ ವಿದ್ಯಾರ್ಥಿನಿಯೇ, ಕೊಲಾಜೆನ್ ಪುಡಿಯ ಡಬ್ಬಿ ತೋರಿಸಿದಳು. ಪುರಾವೆ ಕೇಳಿದೆ. ಡಬ್ಬಿಯ ಮೇಲೆ ನಗುತ್ತಿದ್ದ ಹೆಂಗಸನ್ನು ತೋರಿಸಿದಳು. ವೈದ್ಯರನ್ನು ವಿಚಾರಿಸಿದಾಗ, ಮಂಡಿನೋವಿಗೆ ಕೆಲವರಿಗೆ ಅಲ್ಪಸ್ವಲ್ಪ ನೆರವಾದೀತು, ನಿಮ್ಮ ಕಾಯಿಲೆಯವರಲ್ಲಿ ಅದನ್ನು ಪರೀಕ್ಷಿಸಿದ್ದು ತಮಗೆ ಗೊತ್ತಿಲ್ಲ ಎಂದರು. ಡಬ್ಬಿ ಅಂಗಡಿಯಲ್ಲೇ ಉಳಿಯಿತು.

ಸೋತದ್ದು ವ್ಯಾಯಾಮದಲ್ಲಿ. ಆಸ್ಪತ್ರೆಯವರು ಮೂರು ವ್ಯಾಯಾಮ ಬರೆದುಕೊಟ್ಟಿದ್ದರು: ತಲಾ ಹತ್ತು ಸಲ, ದಿನ ಬಿಟ್ಟು ದಿನ. ‘ದಿನ ಬಿಟ್ಟು ದಿನ’ ಎಂಬುದು ಸೋಮಾರಿಗಳಿಗೆ ಕೊಟ್ಟ ರಿಯಾಯಿತಿ ಎಂದು ನಾನು ಭಾವಿಸಿದೆ. ಜೂನ್ ಎದುರಿಗಿತ್ತಲ್ಲ. ಪ್ರತಿದಿನ, ಎರಡು ಹೊತ್ತು, ನಲವತ್ತು ಸಲ ಮಾಡಿದೆ. ಮೂರನೆಯ ವಾರ ಮಂಡಿ ಮತ್ತೆ ಊದಿತು. ಆಗ ನಿಮಗೆ ಫೋನ್ ಮಾಡಿ ಹವಾಮಾನದ ವಿಚಾರ ಮಾತಾಡಿದೆ. ನೀವು ಎಲ್ಲ ಕೇಳಿಸಿಕೊಂಡು, “ಬಂದ್ಬುಡಿ ಮೇಡಂ, ಕಾಲು ನೋಡಾಣ” ಎಂದಿರಿ. ಕಾಲಿನ ಸುದ್ದಿಯನ್ನೇ ನಾನು ಎತ್ತಿರಲಿಲ್ಲ.

ಕಲ್ಯಾಣದುರ್ಗದ ನಿಲ್ದಾಣದಲ್ಲಿ ಕಂಡಕ್ಟರ್ ಬಸ್ಸನ್ನೇ ತಡೆದು ನಿಲ್ಲಿಸಿ “ಮೆಲ್ಲಗಾ ದಿಗಂಡಿ ಟೀಚರಮ್ಮಾ” ಎಂದು ತೆಲುಗಿನಲ್ಲಿ ಮೆಲ್ಲಗೆ ಇಳಿಯಲು ಹೇಳಿದ. ನಾನು ಟೀಚರ್ ಎಂದು ಅವನಿಗೆ ಹೇಳಿದವರಾರೋ ಕಾಣೆ. ನಿಮ್ಮ ಮನೆಯಲ್ಲಿ ನಿಮ್ಮ ಮಡದಿ ಮುನೆಮ್ಮನವರು ಮೇಕೆ ಕಾಲಿನ ಸೂಪು ಮುಂದಿಟ್ಟು, ಕಾಲಿಗೆ ಕಾಲೇ ಮದ್ದು ಎಂದರು. ಸೂಪು ಹೊಟ್ಟೆಯಲ್ಲಿ ಒಡೆದು ಬೇರೆಯಾಗುತ್ತದೆ, ನೇರವಾಗಿ ಮಂಡಿಗೆ ಟಿಕೆಟ್ ತೆಗೆದುಕೊಂಡು ಹೋಗುವುದಿಲ್ಲವೆಂದು ನಾನು ವಿವರಿಸತೊಡಗಿದೆ. “ಎಲ್ಲಿಗಾರ ಹೋಗ್ಲಿ ಕಣಮ್ಮ, ಆರೋಯ್ತದೆ, ಕುಡೀರಿ” ಎಂದರು. ಎರಡು ಬಟ್ಟಲು ಕುಡಿದೆ. ಆ ರುಚಿಗೆ ಪುರಾವೆ ಬೇಕಿರಲಿಲ್ಲ.

ಆಮೇಲೆ ನೀವು ಅಂಗಳದಲ್ಲಿ ಆಸ್ಪತ್ರೆಯ ಚೀಟಿ ಓದಿ, ಎಷ್ಟು ಸಲ ಮಾಡಿದಿರಿ ಎಂದು ಕೇಳಿದಿರಿ. ನಿಜ ಹೇಳಿದೆ. ನೀವು ನಗಲಿಲ್ಲ.

“ನರ ಬಾಯಿಪಾಠ ಮಾಡಾಕಿಲ್ಲ ಮೇಡಂ. ಕೆಲ್ಸ ಕೊಟ್ಟ ದಿನ ಅದು ಕಲಿಯಲ್ಲ, ರಜಾ ಕೊಟ್ಟ ದಿನ ಕಲೀತದೆ. ನೀವು ರಜಾ ಕೊಡೋರೇ ಅಲ್ವಲ್ಲ.”

ಅದು ನರವಲ್ಲ, ಸ್ನಾಯುರಜ್ಜು ಎಂದು ತಿದ್ದಿದೆ. “ಅದ್ಕೂ ಬೇಕು ರಜಾ” ಎಂದಿರಿ.

ಅಷ್ಟಕ್ಕೇ ನಿಲ್ಲಿಸಿದಿರಿ, ಮೇಷ್ಟ್ರೇ. ಅಂದಿನಿಂದ ನನ್ನನ್ನು ಕಾಡಿದ್ದು ನೀವು ಆಡದೆ ಬಿಟ್ಟ ಮಾತು. ಶಾಲೆಯ ವೇಳಾಪಟ್ಟಿಯ ಉಸ್ತುವಾರಿ ನನ್ನದಾಗಿತ್ತು. ಪ್ರತಿವರ್ಷ ಸಂಕ್ರಾಂತಿ ಕಳೆದೊಡನೆ ಹತ್ತನೆಯ ತರಗತಿಯ ಎರಡು ಡ್ರಿಲ್ ಪೀರಿಯಡ್‌ಗಳನ್ನು ಹೊಡೆದುಹಾಕಿ ‘ಜೀವಶಾಸ್ತ್ರ, ಪುನರಾವರ್ತನೆ’ ಎಂದು ಬರೆಯುತ್ತಿದ್ದೆ. ನೀವು ಪೀಪಿಯನ್ನು ಜೇಬಿಗಿಳಿಸಿ ಬೇವಿನ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದಿರಿ. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಅದು ಖಾಲಿ ಚೌಕ, ನಾನು ತುಂಬಿಸುತ್ತಿದ್ದೇನೆ ಎಂದುಕೊಂಡಿದ್ದೆ. ಪರೀಕ್ಷೆಯ ಒತ್ತಡವನ್ನು ಕಾರಣವಾಗಿ ಬರೆಯಬಹುದು, ಬರೆಯುವುದಿಲ್ಲ. ತಪ್ಪು ನನ್ನದು. ಅನ್ಯಾಯ ಮಕ್ಕಳಿಗೂ ಆಯಿತು, ನಿಮಗೂ ಆಯಿತು. ಕ್ಷಮಿಸಬೇಕು.

ಆಗಾಗ ಬಂದುಹೋಗುತ್ತ ನಿಮ್ಮ ಕೈಯಲ್ಲಿ ನಾನು ಕಲಿತ ಆರು ತಿಂಗಳು ನಿಜಕ್ಕೂ ಸೊಗಸಾಗಿದ್ದವು. ಊತ ಇಳಿದ ಮೇಲೆ, ವೈದ್ಯರ ಒಪ್ಪಿಗೆ ಪಡೆದೇ, ಹಳೆಯ ಸೈಕಲ್ ಟ್ಯೂಬನ್ನು ಕಂಬಕ್ಕೆ ಕಟ್ಟಿ ಎಳೆಯುವುದನ್ನು ಕಲಿಸಿದಿರಿ. ಕುರ್ಚಿಯಿಂದ ಐದು ಎಣಿಸುತ್ತ ಏಳುವುದು, ಐದು ಎಣಿಸುತ್ತ ಕೂರುವುದು. ಹತ್ತಾದ ಮೇಲೆ ಹನ್ನೊಂದನೆಯದಕ್ಕೆ ನಾನು ಬಾಗಿದರೆ ನಿಮ್ಮ ಪೀಪಿ. ರಜೆಯ ದಿನ ಕೈಕಟ್ಟಿ ಕೂರುವುದೇ ನನಗೆ ಕಠಿಣವಾದ ವ್ಯಾಯಾಮವಾಗಿತ್ತು. ಮಂಡಿಯ ವೇಳಾಪಟ್ಟಿಯ ಆ ದಿನದ ಚೌಕದಲ್ಲಿ ಕೆಂಪು ಶಾಯಿಯಿಂದ ‘ರಜೆ’ ಎಂದು ಬರೆಯಿರಿ, ಬರೆಯುವ ಕೆಲಸವಾದರೂ ಸಿಗಲಿ ಎಂದಿರಿ. ರಾತ್ರಿ ಒಂಬತ್ತಕ್ಕೆ ಮಲಗುತ್ತೇನೆ. ಈಗಲೂ ಕೆಲವು ವಾರ ಮೈಯೆಲ್ಲ ಒನಕೆಯಲ್ಲಿ ಕುಟ್ಟಿದಂತಿರುತ್ತದೆ. ಅಂಥ ದಿನಕ್ಕೆ ‘ಗೈರುಹಾಜರಿ’ ಎಂದು ಬರೆಯುತ್ತೇನೆ, ಅಂಕ ಕಳೆಯುವುದಿಲ್ಲ. ಇದೂ ನನಗೆ ಹೊಸದು.

ಕಳೆದ ಶುಕ್ರವಾರ ಶಾಲೆಗೆ ಹೋದೆ. ಒಂಬತ್ತನೆಯ ತರಗತಿಯ ಆ ಇಪ್ಪತ್ತಮೂರು ಮಕ್ಕಳ ಮುಂದೆ ನಲವತ್ತು ನಿಮಿಷದ ಪೀರಿಯಡ್. ನನಗೆ ನಾನೇ ಇಟ್ಟುಕೊಂಡ ಪರೀಕ್ಷೆ. ಕಪ್ಪುಹಲಗೆಯ ತುದಿಯ ಸಾಲಿನವರೆಗೂ ಕೈ ಎತ್ತಿ ಬರೆದೆ, ಅಕ್ಷರ ಓರೆಯಾಗಲಿಲ್ಲ. ಇಪ್ಪತ್ತೈದನೆಯ ನಿಮಿಷಕ್ಕೆ ಮಂಡಿ ಸಾಕೆಂದಿತು. ಮೇಜು ಹಿಡಿದೆ. ಸೋತೆನೆಂದೇ ತಿಳಿದು, ಧರ್ಮೇಂದ್ರನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವನೇ ತನ್ನ ಕೊಠಡಿಯ ಕುರ್ಚಿ ಎತ್ತಿಕೊಂಡು ಒಳಗೆ ಬಂದ.

“ನನ್ನನ್ನ ಬೆಂಚಿನ ಮೇಲೆ ನಿಲ್ಸಿದ್ರಿ ನೀವು. ಇವತ್ತು ನಾನು ನಿಮ್ನ ಕೂರುಸ್ತೀನಿ, ಕೂತ್ಕಳಿ ಮೇಡಂ.”

ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಕುಳಿತೆ. ಐದು ಎಣಿಸುತ್ತ ಕುಳಿತೆ. ಉಳಿದ ಹದಿನೈದು ನಿಮಿಷ ಕುಳಿತೇ ಪಾಠ ಹೇಳಿದೆ; ಒಂದು ಮಗುವಿನ ಗಮನವೂ ತಪ್ಪಲಿಲ್ಲ. ನಿಂತರೆ ಮಾತ್ರ ಪಾಠವೆಂಬ ನನ್ನ ನಿಯಮವನ್ನು ಪರಿಶೀಲಿಸಿ ರದ್ದುಪಡಿಸಿದ್ದೇನೆ. ಜೂನ್‌ನಿಂದ ದಿನ ಬಿಟ್ಟು ದಿನ ಹೋಗುತ್ತೇನೆ. ಧರ್ಮೇಂದ್ರನಿಗೆ ಬರೆದೇ ತಿಳಿಸಿದ್ದೇನೆ.

ಡ್ರಿಲ್ ಮೇಷ್ಟ್ರ ಹುದ್ದೆ ಅಲ್ಲಿ ಖಾಲಿಯಿದೆ. ದೂರದ ದಾರಿ, ಬಲ್ಲೆ. ತಿಂಗಳಿಗೊಮ್ಮೆ ಬಂದರೆ ಸಾಕು. ನೀವು ಬಂದ ದಿನ ನನ್ನ ಪೀರಿಯಡ್ ನಿಮ್ಮದು, ಮಾರ್ಚ್ ತಿಂಗಳಾದರೂ ಸರಿಯೇ.

ನಿಮ್ಮಿಬ್ಬರ ಕೈಕಾಲು ಗಟ್ಟಿಯಾಗಿರಲಿ, ಮುನೆಮ್ಮನವರ ಒಲೆಯ ಮೇಲೆ ಸದಾ ಏನಾದರೊಂದು ಕುದಿಯುತ್ತಿರಲಿ ಎಂದು ಹಾರೈಸುವ,

ನಿಮ್ಮ ತಡವಾದ ವಿದ್ಯಾರ್ಥಿನಿ,
ಜಿ. ಶೋಭಾರಾಣಿ
ಹಿಂದೂಪುರ

ಲಗತ್ತುಗಳು:
೧. ವೈದ್ಯರ ಪತ್ರದ ನಕಲು.
೨. ಮಂಡಿಯ ಆರು ತಿಂಗಳ ಪ್ರಗತಿಪತ್ರ. ಅಕ್ಟೋಬರ್‌ನ ಅಂಕಗಳನ್ನು ತಿದ್ದಿಲ್ಲ. ಗುರುಗಳ ಸಹಿಯ ಜಾಗ ಖಾಲಿಯಿದೆ.
೩. ಅದನ್ನು ಹಿಂದಿರುಗಿಸಲು ನನ್ನ ವಿಳಾಸ ಬರೆದ, ಅಂಚೆಚೀಟಿ ಹಚ್ಚಿದ ಲಕೋಟೆ.
೪. ಡ್ರಿಲ್ ಪೀರಿಯಡ್‌ಗಳನ್ನು ಉಳಿಸಿಕೊಡಬೇಕೆಂದು ತಾವು ಇಪ್ಪತ್ತೆರಡು ವರ್ಷಗಳ ಹಿಂದೆ ನನಗೆ ಸಲ್ಲಿಸಿದ ಅರ್ಜಿಯ ಮೂಲಪ್ರತಿ. ವಿಳಂಬಕ್ಕೆ ವಿಷಾದಿಸಿ, ಮಂಜೂರು ಮಾಡಿದ್ದೇನೆ.