ಮನೆಹೆಸರಿಗಾಗಿ ಗಂಡನನ್ನು ಬಿಟ್ಟದ್ದು

ಜಪಾನಿನ ಮಾನ್ಯ ನ್ಯಾಯ ಸಚಿವರೇ,

ಒಬ್ಬನೇ ಗಂಡನನ್ನು ನಾನು ಎರಡು ಸಲ ಮದುವೆಯಾಗಿದ್ದೇನೆ. ನಡುವೆ ವಿಚ್ಛೇದನವನ್ನೂ ಪಡೆದೆ. ಮನಸ್ತಾಪವಿದ್ದದ್ದು ನಮ್ಮಿಬ್ಬರಿಗಲ್ಲ, ತಮ್ಮ ಕಾನೂನಿಗೆ. ದಂಪತಿಗೆ ಒಂದೇ ಮನೆಹೆಸರಿರಬೇಕು, ಯಾರದ್ದೆಂದು ಇಬ್ಬರೂ ಸಮಾನವಾಗಿ ಆರಿಸಿಕೊಳ್ಳಲಿ ಎನ್ನುತ್ತದೆ ಅದು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜೋಡಿಗಳು ಗಂಡನದ್ದನ್ನೇ ಆರಿಸಿಕೊಂಡಿರುವುದು ಬಹುಶಃ ಕಾಕತಾಳೀಯ.

ನಾನು ಮಾತ್ಸುಮೊತೊದ ಹೆರಿಗೆ ಮನೆಯೊಂದರಲ್ಲಿ ಸೂಲಗಿತ್ತಿ. ಹನ್ನೆರಡು ವರ್ಷ ಅಲ್ಲಿ ಶಿರಾಕುರಾ ಎಂಬ ತವರಿನ ಮನೆಹೆಸರಿನಿಂದ ದುಡಿದವಳು ಮದುವೆಯಾಗಿ ತಾನಿ ಆದೆ. ಹಳೆಯ ಬಾಣಂತಿಯರು ಶಿರಾಕುರಾ ಬೇಕೆಂದು ಫೋನ್ ಮಾಡಿದರೆ, ಹೊಸದಾಗಿ ಸೇರಿದ ಹುಡುಗಿ ಅಂಥವರು ಇಲ್ಲಿಲ್ಲ ಎನ್ನುತ್ತಿದ್ದಳು. ಒಬ್ಬಾಕೆ ನಾನು ಸತ್ತೆನೆಂದೇ ತಿಳಿದು ನನ್ನ ತಾಯಿಗೆ ಸಂತಾಪದ ಊದುಬತ್ತಿ ಪೆಟ್ಟಿಗೆ ಕಳಿಸಿದಳು. ನನ್ನ ಗಂಡ ತಾದಾಶಿ ಆ ಪೆಟ್ಟಿಗೆಯನ್ನು ಮುಚ್ಚಿಟ್ಟು, "ಒಬ್ಬರನ್ನೊಬ್ಬರು ಬಿಟ್ಟುಬಿಡೋಣ ಕಣೇ, ಕಾಗದದ ಮೇಲಷ್ಟೇ" ಅಂದ.

ಬಿಟ್ಟೆವು. ಕಚೇರಿಯ ಗುಮಾಸ್ತೆ ಕನಿಕರದಿಂದ ಮೊಹರು ಒತ್ತಿದಳು, ನಾನು ಮತ್ತೆ ಶಿರಾಕುರಾ ಆದೆ. ನಾವು ಸೋಬಾ ಶಾವಿಗೆ ತಿಂದು ಮನೆಗೆ ಬಂದೆವು.

ಮೂರು ವರ್ಷ ಹೆಸರೂ ಗಂಡನೂ ಎರಡೂ ನನಗಿದ್ದವು. ಆಮೇಲೆ ಅವನ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಆಸ್ಪತ್ರೆಯಲ್ಲಿ ದಾದಿ, "ನೀವು ಅವರಿಗೆ ಏನಾಗ್ಬೇಕು?" ಅಂದಳು.

"ಹೆಂಡತಿ. ಕಾಗದದಲ್ಲಿ ಅಲ್ಲ."

"ಹಾಗಾದ್ರೆ ಮನೆಯವರನ್ನ ಕರೆಸಿ ಅಮ್ಮಾ. ಆಪರೇಷನ್ನಿಗೆ ಒಪ್ಪಿಗೆ ಅವರದ್ದೇ ಬೇಕು."

ಮನೆಯವರೆಂದರೆ ದೂರದ ಹೊಕ್ಕೈದೋದಲ್ಲಿದ್ದ ಅವನ ಅಣ್ಣ. ಅಣ್ಣತಮ್ಮಂದಿರಿಗೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಅವರು ಫೋನಿಗೆ ಸಿಕ್ಕಿ ಒಪ್ಪಿಗೆ ಕೊಡಲು ಎರಡು ಗಂಟೆ ಹಿಡಿಯಿತು. ತಾದಾಶಿ ನುಂಗುವ ಮಾತ್ರೆಗಳ ಹೆಸರು, ಯಾವ ಮಗ್ಗುಲಿಗೆ ಮಲಗುತ್ತಾನೆಂಬುದು, ಎಲ್ಲ ಗೊತ್ತಿದ್ದ ನಾನು ಬೆಂಚಿನ ಮೇಲೆ ಹೊರಗಿನವಳಾಗಿ ಕೂತಿದ್ದೆ. ತಾದಾಶಿ ಬದುಕಿದ. ಬಲಗೈಗೆ ಸ್ವಾಧೀನ ಮರಳಲಿಲ್ಲ. ಅದು ಆ ಎರಡು ಗಂಟೆಯಿಂದಲೇ ಎಂದು ನಾನು ಹೇಳಲಾರೆ. ಎರಡು ಗಂಟೆ ಎಂದರೆ ಎಷ್ಟೆಂದು ಮಾತ್ರ ಸೂಲಗಿತ್ತಿಗೆ ಗೊತ್ತು.

ಕಳೆದ ತಿಂಗಳು ಮತ್ತೆ ಮದುವೆಯಾದೆವು. ಅರ್ಜಿಯಲ್ಲಿ 'ಗಂಡನ ಹೆಸರು', 'ಹೆಂಡತಿಯ ಹೆಸರು' ಎಂಬ ಎರಡು ಚೌಕಗಳಲ್ಲಿ ಎರಡನೆಯದಕ್ಕೆ ಅವನು ಎಡಗೈಯಿಂದ ಗುರುತು ಹಾಕಿದ. ಗುಮಾಸ್ತೆ ಮೂರು ಸಲ ಕೇಳಿದಳು, "ತಪ್ಪಿ ಹಾಕಿಲ್ಲ ತಾನೇ, ಸ್ವಾಮಿ?" ಮೊದಲ ಮದುವೆಯಲ್ಲಿ ನನ್ನನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಐವತ್ತೆಂಟರ ಗಂಡಸು ಈಗ ಊಟದ ಮೇಜಿನಲ್ಲಿ ಕೂತು ಹೊಸ ಹೆಸರು ತಿದ್ದುತ್ತಾನೆ. "ತಾನಿ ಒಂದೇ ಚಿತ್ರಾಕ್ಷರ, ಬರೆಯಲು ಸುಲಭವಿತ್ತು" ಎನ್ನುತ್ತಾನೆ. ದೂರಲ್ಲ, ಸುಮ್ಮನೆ.

ಎರಡು ಹೆಸರಿದ್ದರೆ ಕುಟುಂಬ ಒಡೆಯುತ್ತದೆಂದು ತಮ್ಮ ಕಚೇರಿ ಹೇಳುತ್ತ ಬಂದಿದೆ. ನಮ್ಮದನ್ನು ಒಡೆದದ್ದು ಒಂದೇ ಹೆಸರು. ಆದ್ದರಿಂದ ಅರ್ಜಿಯಲ್ಲಿ ಮೂರನೆಯ ಚೌಕವೊಂದನ್ನು ಹಾಕಿಸಿ: 'ಅವರವರ ಹೆಸರು ಅವರವರಿಗೆ'. ನನ್ನ ಗಂಡನ ಹೆಸರನ್ನು ಅವನಿಗೆ ಹಿಂದಿರುಗಿಸಿ. ಅದಕ್ಕಾಗಿ ಅವನನ್ನು ಇನ್ನೊಮ್ಮೆ ಬಿಡಲು ನನಗೆ ಧೈರ್ಯವಿಲ್ಲ.

ಇಂತಿ,
ಸದ್ಯಕ್ಕೆ ಕಾನೂನುಬದ್ಧ ಹೆಂಡತಿ,
ಶಿರಾಕುರಾ ಮಿಚಿಯೊ