ಟೊಮೆಟೊ ಕಿತ್ತ ವಾರ

ಹ್ಯೂಆನ್ ಕಣಿವೆ, ಟಾಸ್ಮೇನಿಯಾ
ಫೆಬ್ರವರಿ 17, ಶುಕ್ರವಾರ

ಪ್ರೀತಿಯ ವೆರಿಟಿ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ, ಎಷ್ಟು ಬೇಕೋ ಅಷ್ಟು ಬೈದುಬಿಡು. ನೀನು ಅಡಿಲೇಡಿನಲ್ಲಿ ಮಗಳ ಮನೆ ಸೇರಿ ವರ್ಷವಾಯಿತು, ಇಲ್ಲಿ ಎಲ್ಲರೂ ಬೆಳ್ಳುಳ್ಳಿ ಮಡಿಯನ್ನು ಇನ್ನೂ "ವೆರಿಟಿಯ ಮಡಿ" ಎಂದೇ ಕರೆಯುತ್ತಾರೆ. ಮೊಮ್ಮಗುವಿಗೆ ಹಲ್ಲು ಬಂತೆ?

ನಮ್ಮ ತೋಟದ ಸುದ್ದಿ ಚೆನ್ನಾಗಿಲ್ಲ. ಜನವರಿ ಕೊನೆಯಲ್ಲಿ ಪಕ್ಕದ ಗುಡ್ಡದ ಡೆನ್ಜಿಲ್ ತನ್ನ ಹುಲ್ಲುಗಾವಲಿನ ಮುಳ್ಳುಗಿಡಗಳಿಗೆ ಕಳೆನಾಶಕ ಹೊಡೆದ. ಗಾಳಿ ಅದನ್ನು ತಂದು ನಮ್ಮ ಮೇಲಿನ ಹೊಲಕ್ಕೆ ಸುರಿಯಿತು. ಮೂರನೆಯ ದಿನಕ್ಕೆ ಟೊಮೆಟೊ ಎಲೆಗಳು ಸುರುಟಿಕೊಂಡವು, ಬೀನ್ಸ್ ಬಳ್ಳಿಗಳು ತಿರುಚಿಕೊಂಡವು. ತಪಾಸಣೆಗೆ ಬಂದವರು ಆ ಹೊಲದ ಸಾವಯವ ಪ್ರಮಾಣಪತ್ರವನ್ನು ಮೂರು ವರ್ಷಕ್ಕೆ ತಡೆಹಿಡಿದರು. ಹದಿನೆಂಟು ಮನೆಯವರು ಕೂಡಿ ಬೆಳೆದದ್ದು. ಒಂದು ಹಣ್ಣನ್ನೂ ಬಾಯಿಗಿಡುವ ಹಾಗಿಲ್ಲ.

ಗ್ರೆಟಾ ನಿನಗೆ ಗೊತ್ತಲ್ಲ, ಪ್ರತಿ ಬೀಜವನ್ನೂ ತನ್ನ ಮಲಗುವ ಕೋಣೆಯ ಕಿಟಕಿಯಲ್ಲಿಟ್ಟು ಮೊಳಕೆ ಬರಿಸುವವಳು. ಅವಳು ಅಳಲಿಲ್ಲ. ಸಭೆ ಕರೆದು, "ಆ ಮನುಷ್ಯ ಇನ್ನು ನಮ್ಮ ಶನಿವಾರದ ಊಟಕ್ಕೆ ಬರೋದು ಬೇಡ. ಒಪ್ಪೋರು ಕೈ ಎತ್ತಿ" ಎಂದಳು. ಹೆಂಡತಿ ಐವಿ ತೀರಿಹೋದಮೇಲೆ ಡೆನ್ಜಿಲ್ ನಾಲ್ಕು ಜನರೊಡನೆ ಕೂತು ತಿನ್ನುತ್ತಿದ್ದದ್ದು ಅದೊಂದೇ ಊಟ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಮೊನ್ನೆ ಸೋಮವಾರ ಗಿಡಗಳನ್ನು ಕೀಳಲು ಇಳಿದರೆ, ಅವನು ಆಗಲೇ ಗೇಟಿನ ಬಳಿ ನಿಂತಿದ್ದ.

"ಹೆಣ ನೋಡೋಕೆ ಬಂದ್ಯಾ?" ಎಂದಳು ಗ್ರೆಟಾ.

"ಕೀಳೋಕೆ ಬಂದೆ. ಎಲ್ಲಿಂದ ಶುರು ಮಾಡ್ಲಿ?"

ಕೊನೆಯ ಸಾಲಿನಿಂದ ಒಬ್ಬನೇ ಶುರುಮಾಡಿದ. ಮೂರು ದಿನ ಕಿತ್ತ. ಮಧ್ಯಾಹ್ನ ಬೇಲಿಗೆ ಒರಗಿ ಮನೆಯಿಂದ ತಂದ ಒಣ ಬ್ರೆಡ್ಡು ತಿನ್ನುತ್ತಿದ್ದ. ಎಪ್ಪತ್ತೊಂದು ವರ್ಷ ಅವನಿಗೆ, ವೆರಿಟಿ.

ಕೆಳಗಿನ ಹೊಲ ಉಳಿದಿದೆ, ಅದೇ ಪುಣ್ಯ. ಆಲೂಗಡ್ಡೆ, ಬೀಟ್‌ರೂಟ್, ಸೊಪ್ಪು ಇವೆ. ತೋಟದ ಅಡುಗೆಮನೆ ಈಗಲೂ ನನ್ನ ಪಾಲಿನದೇ, ನಾಳೆ ಎಲ್ಲರ ಊಟಕ್ಕೆ ಪುದೀನ ಬೆಣ್ಣೆಯ ಆಲೂಗಡ್ಡೆ, ಸೊಪ್ಪಿನ ಪೈ ಮಾಡುತ್ತೇನೆ. ಮಂಡಿನೋವು ಎಂದಿನಂತಿದೆ. ನಿನ್ನ ಮನೆಯವರೆಲ್ಲ ಸುಖವಾಗಿರಲಿ, ಮಗುವಿನ ತಲೆಯ ಮೇಲೆ ನನ್ನ ಹೆಸರಿನಲ್ಲೊಮ್ಮೆ ಕೈಯಿಡು.

ನಿನ್ನ
ನೋರೀನ್

ತಾ.ಕ.: ಭಾನುವಾರ. ಕಾಗದ ಅಂಚೆಗೆ ಹಾಕಲಿಲ್ಲ. ಬರೆಯಬೇಕಾದದ್ದನ್ನೇ ಬರೆದಿರಲಿಲ್ಲ.

ಔಷಧಿ ಹೊಡೆಯುವ ಮುಂಚೆ ಡೆನ್ಜಿಲ್ ಪ್ರತಿ ಸಲ ನನಗೆ ಫೋನ್ ಮಾಡುತ್ತಾನೆ. ಆ ಬೆಳಿಗ್ಗೆಯೂ ಮಾಡಿದ. "ನೋರೀನ್, ನಂಗಿಲ್ಲಿ ಗುಡ್ಡ ಅಡ್ಡ, ಗಾಳಿ ಗೊತ್ತಾಗಲ್ಲ. ಕೆಳಗೆ ನಿಮ್ಮ ಕಡೆ ಹೆಂಗಿದೆ, ಸ್ವಲ್ಪ ನೋಡ್ತೀಯಾ?" ಒಲೆಯ ಮೇಲೆ ಏಪ್ರಿಕಾಟ್ ಜಾಮ್ ತಳ ಹಿಡಿಯುತ್ತಿತ್ತು. ನಾನು ಬಾಗಿಲನ್ನೂ ತೆರೆಯದೆ, "ಒಂದೆಲೆನೂ ಅಲ್ಲಾಡ್ತಿಲ್ಲ, ಹೊಡ್ಕೋ" ಎಂದೆ.

ಅವನು ಇದನ್ನು ಯಾರಿಗೂ ಹೇಳಲಿಲ್ಲ. ಬುಧವಾರ ಬೇಲಿಯ ಬಳಿ ಹೋಗಿ ಯಾಕೆಂದು ಕೇಳಿದೆ. "ನಂಗೆ ಹೋಗೋಕೆ ಒಂದು ಮನೆ ಇದೆ. ನಿಂಗಿರೋದು ತೋಟದ ಆ ಅಡುಗೆಮನೆ ಒಂದೇ" ಎಂದು ಮತ್ತೆ ಗಿಡ ಕೀಳಲು ಬಗ್ಗಿದ.

ನಿನ್ನೆ ಬಡಿಸುವ ಮುಂಚೆ ಎಲ್ಲರೆದುರು ಹೇಳಿಬಿಟ್ಟೆ. ಗ್ರೆಟಾ ತಟ್ಟೆಯನ್ನು ಮುಟ್ಟದೆ ಎದ್ದುಹೋದಳು. ಪೈ ಅರ್ಧಕ್ಕರ್ಧ ಉಳಿಯಿತು.

ಈಗ ತಾನೇ ಗ್ರೆಟಾ ಅಡುಗೆಮನೆಗೆ ಬಂದಿದ್ದಳು. ನನ್ನ ಮುಖ ನೋಡಲಿಲ್ಲ. "ನಿನ್ನ ಜೊತೆ ಮಾತಾಡೋಕೆ ನಂಗಿನ್ನೂ ಮನಸ್ಸಿಲ್ಲ. ಆದ್ರೆ ಆ ಮುದುಕ ಇನ್ನೊಂದು ಶನಿವಾರ ಒಬ್ನೇ ತಿನ್ನೋದು ಬೇಡ. ಹೋಗಿ ಕರಿ. ನೀನೇ ಹೋಗ್ಬೇಕು" ಎಂದಳು.

ಬೂಟು ಹಾಕಿಕೊಂಡು ಕೂತಿದ್ದೇನೆ, ವೆರಿಟಿ. ಅವನು ಬಾಗಿಲು ತೆರೆದಾಗ ಮೊದಲ ಮಾತು ಏನಾಡಬೇಕೆಂದು ತೋಚುತ್ತಿಲ್ಲ. ಆದರೂ ಹೊರಟೆ.