ಕೆಳಗಿನ ಕೊಳ ಸೇರಿದ ಮರಿಮೀನು

ವರ್ನೆಲ್,

ನಮ್ಮ ಕೊಳದ ಬಾಸ್ ಮೀನುಗಳು ಬಡಕಲಾಗಿದ್ದವು. ಅವಕ್ಕೆ ಮೇವಾಗಲೆಂದು ಮೊನ್ನೆ ಮಾಂಟ್ಗೊಮರಿಯಿಂದ ಒಂದು ಲಾರಿ ಶ್ಯಾಡ್ ಮೀನಿನ ಮರಿ ತರಿಸಿ ಬಿಟ್ಟೆ. ನಿನ್ನೆಯ ಮಳೆಗೆ ಕೋಡಿ ಹರಿಯಿತು. ಕೋಡಿಗೆ ಜಾಲರಿ ಕಟ್ಟುವುದು ಪ್ರತಿ ವರ್ಷ ನಿನ್ನ ಕೆಲಸವಾಗಿತ್ತು, ನನಗೆ ನೆನಪೇ ಆಗಲಿಲ್ಲ. ಮರಿಗಳೆಲ್ಲ ಕೆಳಗೆ ಪಕ್ಕದ ಜಮೀನಿನ ಹಾರ್ಲನ್‌ನ ಕೊಳ ಸೇರಿದವು. ನನ್ನನ್ನು ಬಿಟ್ಟು ಹೋದ ನಿನ್ನ ಹಾಗೆಯೇ.

ಬೆಳಿಗ್ಗೆ ಅವನು ಬೇಲಿಯ ಹತ್ತಿರ ನಿಂತು ಹಲ್ಲು ಕಿರಿದ.

"ಏನಯ್ಯ ಕ್ಲೀಟಸ್, ನನ್ ಮೀನಿಗೂ ನೀನೇ ಊಟ ಹಾಕ್ತೀಯಾ? ವರ್ನೆಲ್ ಅಂತೂ ಕಾಫಿ ಹಿಡ್ಕೊಂಡು ದಡದಲ್ಲೇ ಕೂತವ್ಳೆ, ಆ ಮರಿಗಳನ್ನೇ ನೋಡ್ತಾ!"

ನನ್ನ ದಡದಲ್ಲಿ ನೀನು ಹಾಗೆ ಕೂತದ್ದು ಯಾವಾಗ?

ಶುಕ್ರವಾರ ಇನ್ನೊಂದು ಲಾರಿ ಬರುತ್ತದೆ. ನೀನು ಹೆಣೆದ ಜಾಲರಿ ಕೊಟ್ಟಿಗೆಯ ಮೊಳೆಯಲ್ಲೇ ಇದೆ. ನಾನು ಅದನ್ನು ಕಟ್ಟುವುದಿಲ್ಲ; ನೀನು ನೋಡುತ್ತಾ ಕೂತಿರು.